ಪಂಪ ಯಾಕೆ ದೊಡ್ಡ ಕವಿ ಅಂತ ಕೇಳಿದ್ರೆ ಇಸವಿ ಹೇಳ್ತಾರೆ: ಹಳಗನ್ನಡ ಉಪನ್ಯಾಸ ಕೇಳೋರ ಗೋಳು

ಓಲೆಗರಿ:
ಹಳಗನ್ನಡದ ಬಗ್ಗೆ ಕೇಳೋಕೆ ಈಗ ಬೇಕಾದಷ್ಟು ಸಿಗುತ್ತೆ. ಉಪನ್ಯಾಸಮಾಲೆ, ಪಾಡ್‌ಕಾಸ್ಟ್, ಕೊರೊನಾ ಕಾಲದ ವೆಬಿನಾರ್‌ಗಳ ರೆಕಾರ್ಡಿಂಗ್. ಬಸ್ಸಲ್ಲಿ ಹೋಗೋವಾಗ ಬರೋವಾಗ ನನ್ನ ಕಿವೀಲಿ ಇವೇ ಇರ್ತವೆ. ಹಾಗಾಗಿ ಇದು ಹಳಗನ್ನಡ ಬೇಡ ಅನ್ನೋನ ದೂರಲ್ಲ, ಬೇಕು ಅನ್ನೋನ ದೂರು.

ಮೊನ್ನೆ ರನ್ನನ ಗದಾಯುದ್ಧದ ಮೇಲೆ ಒಂದು ಸಂಚಿಕೆ ಕೇಳಿದೆ. ಇಬ್ಬರು ಪ್ರಾಧ್ಯಾಪಕರು, ಒಬ್ಬ ನಿರೂಪಕಿ. ಇಬ್ಬರೂ ಚೆನ್ನಾಗಿ ಓದಿಕೊಂಡವರು, ಅದರಲ್ಲಿ ಎರಡು ಮಾತಿಲ್ಲ. ಮುಧೋಳ, ಬಳೆಗಾರರ ಮನೆತನ, ಗುರು ಅಜಿತಸೇನ, ಚಾವುಂಡರಾಯ, ಅತ್ತಿಮಬ್ಬೆ, ಆಶ್ರಯ ಕೊಟ್ಟ ದೊರೆ ಇರಿವಬೆಡಂಗ ಸತ್ಯಾಶ್ರಯನನ್ನ ಭೀಮನ ಜೊತೆ ಸಮೀಕರಿಸಿದ್ದು, ನಡೆದ ಕಥೆಯನ್ನ ಹಿಂತಿರುಗಿ ನೋಡೋ ಸಿಂಹಾವಲೋಕನ ಕ್ರಮ, ಭಟ್ಟನಾರಾಯಣನ ವೇಣೀಸಂಹಾರದಿಂದ ಬಂದದ್ದೆಷ್ಟು, ಪಂಪಭಾರತದ 13ನೇ ಆಶ್ವಾಸದಿಂದ (ಅಧ್ಯಾಯದಿಂದ) ಬಂದದ್ದೆಷ್ಟು, ಎಲ್ಲ ಆಯ್ತು. ಕೊನೆಗೆ ಆ ಹುಡುಗಿ, ನಾವೆಲ್ಲ ಕೇಳಬೇಕು ಅಂತಿದ್ದದ್ದನ್ನೇ ಕೇಳಿದ್ಲು: "ಸರ್, ನಿಮಗೆ ಈ ಕಾವ್ಯ ಇಷ್ಟಾನಾ? ಪಂಪನ ಪಕ್ಕ ಇಟ್ರೆ ನಿಲ್ಲುತ್ತಾ?"

ಒಬ್ಬರು ನಕ್ಕು, "ಅದನ್ನು ಹಾಗೆ ನೋಡಲು ಬರುವುದಿಲ್ಲ, ಆಯಾ ಕಾಲಘಟ್ಟದ ಚೌಕಟ್ಟಿನಲ್ಲಿ ಗ್ರಹಿಸಬೇಕು" ಅಂದ್ರು. ಇನ್ನೊಬ್ಬರು, "ಇದು ಹಲವು ನೆಲೆಗಳಲ್ಲಿ ಓದಬಹುದಾದ ಪಠ್ಯ" ಅಂದ್ರು. ಧನ್ಯವಾದ, ನಮಸ್ಕಾರ, ಸಂಗೀತ.

ಸ್ವಾಮಿ, ವೈಶಂಪಾಯನ ಸರೋವರದಲ್ಲಿ ಅಡಗಿ ಕೂತ ದುರ್ಯೋಧನ ಭೀಮನ ಗರ್ಜನೆ ಕೇಳಿ "ನೀರೊಳಗಿರ್ದುಂ ಬೆಮರ್ತನ್" ಅಂತಾನೆ ರನ್ನ. ನೀರಿನ ಒಳಗೆ ಕೂತವನು ಬೆವತ! ಎಸ್‌ಎಸ್‌ಎಲ್‌ಸಿ ಓದಿದ ಎಲ್ಲರಿಗೂ ಈ ಸಾಲು ನೆನಪಿದೆ. ಅವನು ಬೆವತದ್ದು ಹೆದರಿಕೆಗೋ ಸಿಟ್ಟಿಗೋ? ಪದ್ಯದಲ್ಲೇ "ಕೋಪಾರುಣನೇತ್ರಂ" ಅಂತಿದೆ, ಕಣ್ಣು ಕೆಂಪಾಗಿದೆ. ಹಾಗಿದ್ರೆ ಕವಿ ಇವನನ್ನ ಎತ್ತಿ ಹಿಡೀತಿದ್ದಾನಾ, ಲೇವಡಿ ಮಾಡ್ತಿದ್ದಾನಾ? ಇದಕ್ಕೆ ಒಂದು ಉತ್ತರ ಕೊಡಿ, ತಪ್ಪಾದ್ರೂ ಪರವಾಗಿಲ್ಲ. ಇವರು ಅಲಂಕಾರದ ಹೆಸರು ಹೇಳಿ ಮುಂದೆ ಹೋದ್ರು. ಇಷ್ಟು ಓದಿದವರು ಅಡ್ಡಗೋಡೆ ಮೇಲೆ ದೀಪ ಇಟ್ಟು ಹೋದ್ರೆ, ಓದೋಕೆ ಹೊರಟ ನಾನು ಯಾವ ಕಡೆ ನೋಡಲಿ?

ಮಲಪ್ರಭಾ ದಂಡಿ:
ಖರೇ ಅದ ನೋಡ್ರಿ. ಮದವಿ ಊಟಾ ಮಾಡಿ ಬಂದಾವನ್ನ "ಊಟಾ ಹ್ಯಾಂಗಿತ್ತೋ" ಅಂತ ಕೇಳಿದ್ರ, "ಎಲಿ ಬಾಳೀದಿತ್ತು, ಅಡಗಿಯವರು ಶಿರಸಿ ಕಡಿಯವರು, ಪಂಕ್ತಿ ಮೂರು ಆದೂವು" ಅಂದಂಗ ಆತು. ಅಲ್ಲೋ ಮಾರಾಯಾ, ಹೋಳಿಗಿ ಹ್ಯಾಂಗಿತ್ತು ಹೇಳು!

ನಮ್ಮ ಧಾರವಾಡದಾಗ ಹಿಂಗ ಇರಲಿಲ್ಲರಿ. ಮನೋಹರ ಗ್ರಂಥಮಾಲಾ ಪ್ರಕಾಶನದ ಅಟ್ಟದ ಮ್ಯಾಲೆ ಕುಂತು ಮಾತಾಡಿದ ಮಂದಿ ಯಾರ ಮುಲಾಜೂ ಇಟ್ಕೊಂಡಿರಲಿಲ್ಲ ಅಂತ ನಮ್ಮ ಹಿರಿಯಾರು ಹೇಳ್ತಿದ್ರು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಬರದದ್ದು ತಗೀರಿ. ಇದು ಗಟ್ಟಿ, ಇದು ಟೊಳ್ಳು ಅಂತ ನಾಕು ಸಾಲಿನಾಗ ಹೇಳಿ ಮುಗಸ್ತಿದ್ರು. ಜಗಳಾ ಆದೂವು, ಆಗ್ಲಿ. ಜಗಳಾ ಆಡಲಿಕ್ಕರೆ ಪುಸ್ತಕಾ ಓದಬೇಕಲ್ಲ.

ಅನಾಮಿಕ ಕಬ್ಬಿಗ:
ತಮಾಷೆ ಏನಂದ್ರೆ, ಯಾವ ಕವಿಗಳ ಬಗ್ಗೆ ಅಭಿಪ್ರಾಯ ಹೇಳಬಾರದು ಅಂತ ಇವರು ಮಡಿ ಮಾಡ್ತಾರೋ ಆ ಕವಿಗಳೇ ಬಾಯಿ ತುಂಬ ಅಭಿಪ್ರಾಯ ಹೇಳಿದೋರು.

ಪಂಪ ತನ್ನ ಎರಡು ಕೃತಿಗಳು "ಮುನ್ನಿನ ಕಬ್ಬಮನೆಲ್ಲಮಿಕ್ಕಿ ಮೆಟ್ಟಿದುವು" ಅಂತಾನೆ. ಹಿಂದಿನೋರನ್ನೆಲ್ಲ ತುಳಿದು ಹಾಕಿದೆ ಅಂತ ನೇರವಾಗಿ. ರನ್ನ, ನನ್ನ ಕೃತಿರತ್ನವನ್ನ ಪರೀಕ್ಷೆ ಮಾಡೋನಿಗೆ "ಎಂಟೆರ್ದೆಯೇ", ಅಂದ್ರೆ ಎಂಟು ಗುಂಡಿಗೆ ಇದೆಯಾ, ಅಂತ ಸವಾಲು ಹಾಕ್ತಾನೆ, ಆದಿಶೇಷನ ಹೆಡೆಯ ಮಣಿ ಮುಟ್ಟಿದಷ್ಟೇ ಅಪಾಯ ಅಂತೆ. ಕುಮಾರವ್ಯಾಸನಂತೂ ರಾಮಾಯಣ ಬರೆದೋರ ಭಾರಕ್ಕೆ ಫಣಿರಾಯ, ಅಂದ್ರೆ ಆದಿಶೇಷ, ತಿಣುಕಿದ, ಇನ್ನು ಅಲ್ಲಿ ಕಾಲಿಡೋಕೂ ಜಾಗ ಇಲ್ಲ ಅಂತ ಹೇಳಿ, ಉಳಿದೋರನ್ನ "ಬಣಗು ಕವಿಗಳು" (ಕ್ಷುದ್ರ ಕವಿಗಳು) ಅಂತ ಪಕ್ಕಕ್ಕೆ ತಳ್ಳಿದ. ಮುಳುಗುಂದದ ನಯಸೇನ 12ನೇ ಶತಮಾನದಲ್ಲೇ, ಸಂಸ್ಕೃತ ಬೆರೆಸಿ ಕನ್ನಡ ಬರೆಯೋದು ತುಪ್ಪಕ್ಕೆ ಎಣ್ಣೆ ಸುರಿದ ಹಾಗೆ ಅಂತ ಬೈದಿದ್ದಾನೆ.

ಇವರಲ್ಲಿ ಒಬ್ಬನನ್ನಾದ್ರೂ ಈಗಿನ ವೆಬಿನಾರಿಗೆ ಕರೆದ್ರೆ ಸಂಘಟಕರು ಮೈಕ್ ಮ್ಯೂಟ್ ಮಾಡ್ತಾರೆ.

ನೆಟ್ ತಯಾರಿ:
ನಾನು ಎಂಎ ಮುಗಿಸಿ, ಕಾಲೇಜು ಮೇಷ್ಟ್ರಾಗೋಕೆ ಬೇಕಾದ ಅರ್ಹತಾ ಪರೀಕ್ಷೆ ನೆಟ್‌ಗೆ ಓದ್ತಿದ್ದೀನಿ. ನಮಗೆ ಅಭಿಪ್ರಾಯದ ಜಾಗವೇ ಇಲ್ಲ. ಹೊಂದಿಸಿ ಬರೆಯಿರಿ: ಜನ್ನ, ಹೊಯ್ಸಳ ವೀರಬಲ್ಲಾಳ. ಕಾಲಾನುಕ್ರಮದಲ್ಲಿ ಜೋಡಿಸಿ. ಪ್ರತಿಪಾದನೆ ಸರಿ, ಸಮರ್ಥನೆ ತಪ್ಪು. ಇಂಥ ಪರೀಕ್ಷೆ ಪಾಸಾಗಿ ಬಂದೋರೇ ನಾಳೆ ಮೈಕ್ ಮುಂದೆ ಕೂರೋದು.

ಡಿಸರ್ಟೇಶನ್‌ನಲ್ಲಿ ಒಂದು ಕಡೆ "ಇಲ್ಲಿ ಕವಿ ಸೋತಿದ್ದಾನೆ" ಅಂತ ಬರೆದಿದ್ದೆ. ಗೈಡ್ ಕೆಂಪು ಪೆನ್ನಲ್ಲಿ ಹೊಡೆದು "ಇಲ್ಲಿ ಕವಿಯ ಆಶಯ ಭಿನ್ನವಾಗಿದೆ ಎಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ" ಅಂತ ತಿದ್ದಿದ್ರು. ಯಾವ ವಿದ್ವಾಂಸರು ಸಾರ್ ಅಂದ್ರೆ, "ಯಾರಾದ್ರೂ ಅಂದಿರ್ತಾರೆ ಬಿಡಮ್ಮ, ಹುಡುಕಿ ಅಡಿಟಿಪ್ಪಣಿ ಹಾಕು."

ಪಾಠದ ಮೇಷ್ಟ್ರು:
ಬೈಯೋದೆಲ್ಲ ಓದಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಕನ್ನಡ ಪಾಠ ಮಾಡೋನು ನಾನು. ಅಂಥ ರೆಕಾರ್ಡಿಂಗ್‌ಗಳಲ್ಲಿ ಮಾತಾಡಿದ್ದೀನಿ, "ಹಲವು ನೆಲೆಗಳು" ಅಂತ ನಾನೂ ಅಂದಿದ್ದೀನಿ. ಯಾಕೆ ಅನ್ನೋದನ್ನ ಒಳಗಿನಿಂದ ಹೇಳ್ತೀನಿ.

ಮೊದಲನೇದು ಹೆದರಿಕೆ. ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಸಂಶೋಧಕ ಎಂ.ಎಂ. ಕಲಬುರ್ಗಿ ಅವರು 'ಮಾರ್ಗ' ಸಂಪುಟದ ಲೇಖನಗಳಲ್ಲಿ ಶರಣರ ಚರಿತ್ರೆ ಬಗ್ಗೆ ಬರೆದದ್ದಕ್ಕೆ 1989ರಲ್ಲಿ ಮಾತು ಹಿಂತೆಗೆದುಕೊಳ್ಳಬೇಕಾಯ್ತು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆಗೆ ಬಂದು ಗುಂಡು ಹೊಡೆದ್ರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು ಅವರು, ನನ್ನ ಹಾಗೆ ಯಾವುದೋ ಮೂಲೆಯ ಮೇಷ್ಟ್ರಲ್ಲ. ಪಂಪನ ಬಗ್ಗೆ ಮಾತಾಡಿದ್ರೆ ಯಾರೂ ಹೊಡೆಯೋಕೆ ಬರಲ್ಲ ಅನ್ನಬಹುದು. ಆದ್ರೆ ವಚನದ ಬಗ್ಗೆ ಒಂದು ಸಾಲು, ಹರಿಹರನ ರಗಳೆಯಲ್ಲಿ ಬರೋ ಜೈನರ ಬಗ್ಗೆ ಒಂದು ಸಾಲು, ಪುರಾಣದ ಪಾತ್ರದ ಬಗ್ಗೆ ಒಂದು ಸಾಲು ತಪ್ಪಿ ಬಂದ್ರೆ, ಹಿಂದೆ ಮುಂದೆ ಕತ್ತರಿಸಿದ ಮೂವತ್ತು ಸೆಕೆಂಡಿನ ತುಣುಕು ಸಂಜೆಗೆ ಊರೆಲ್ಲ ಓಡಾಡುತ್ತೆ. ಪ್ರಿನ್ಸಿಪಾಲರಿಗೆ ಫೋನು, ಇಲಾಖೆಗೆ ಮನವಿ. ಯಾವ ಸಾಲು ಯಾರಿಗೆ ತಾಗುತ್ತೆ ಅಂತ ಮೊದಲೇ ಗೊತ್ತಾಗಲ್ಲ. ಹಾಗಾಗಿ ಎಲ್ಲ ಸಾಲನ್ನೂ ಮೊಂಡು ಮಾಡ್ಕೊಂಡು ಮಾತಾಡೋ ಅಭ್ಯಾಸ ಆಗಿಹೋಗಿದೆ.

ಎರಡನೇದು ಕೆಲಸದ ರೀತಿ. 2010ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ನಂತರ ಬಡ್ತಿಗೆ ಅಂಕಪಟ್ಟಿ ಬಂತು. ಸೆಮಿನಾರಿನಲ್ಲಿ ಪ್ರಬಂಧ ಓದಿದ್ರೆ ಇಷ್ಟು, ಐಎಸ್‌ಬಿಎನ್ ಇದ್ರೆ ಇಷ್ಟು. ಗದಾಯುದ್ಧದ ಐದನೇ ಆಶ್ವಾಸ ಚೆನ್ನಾಗಿಲ್ಲ ಅಂತ ಬರೆದ್ರೆ ಅದು ಯಾವ ಕಲಮಿಗೂ ಸೇರಲ್ಲ. "ಗದಾಯುದ್ಧದಲ್ಲಿ ಪ್ರಭುತ್ವದ ನೆಲೆಗಳು" ಅಂದ್ರೆ ಸೇರುತ್ತೆ.

ಮೂರನೇದು ನಾನು ನಿಜವಾಗಿ ನಂಬೋದು, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಹಿಂದೆ ಅಭಿಪ್ರಾಯ ಹೇಳ್ತಿದ್ದೋರು ಯಾರು? ಗದ್ಯ ಪದ್ಯ ಬೆರೆಸಿದ ಚಂಪೂ ಕಾವ್ಯದ ರುಚಿ ಹತ್ತಿದೋರು. ಅವರ ರುಚಿಯ ಅಳತೆಗೆ ವಚನಗಳು ಬಹುಕಾಲ ಕಾವ್ಯವೇ ಆಗಿರಲಿಲ್ಲ. ಮಲೆ ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪನ ಕಾವ್ಯಗಳು ರಾತ್ರಿಯಿಡೀ ಹಾಡೋವಾಗ್ಲೂ "ಸಾಹಿತ್ಯ"ದ ಚರಿತ್ರೆ ಪುಸ್ತಕದಲ್ಲಿ ಎಷ್ಟು ಪುಟ ಸಿಕ್ತು ನೋಡಿ. "ಇದು ಶ್ರೇಷ್ಠ" ಅಂತ ಗಟ್ಟಿಯಾಗಿ ಹೇಳಿದೋರೇ ಇಷ್ಟನ್ನೆಲ್ಲ ಹೊರಗಿಟ್ಟೋರು. ನಮ್ಮ ತಲೆಮಾರಿನವರು, ಅದರಲ್ಲೂ 1991ರಲ್ಲಿ ಹಂಪಿ ವಿಶ್ವವಿದ್ಯಾಲಯ ಬಂದ ಮೇಲೆ ಸಂಸ್ಕೃತಿ ಅಧ್ಯಯನದ ದಾರಿ ಹಿಡಿದೋರು, ಶ್ರೇಷ್ಠ ಕನಿಷ್ಠ ಅನ್ನೋ ಮಾತನ್ನೇ ಬಿಟ್ವಿ. ಅಂಜಿಕೆಯಿಂದ ಬಿಟ್ಟದ್ದಲ್ಲ ಅದು.

ಸಂಜೆ ಓದು:
ಮೇಷ್ಟ್ರೇ, ಮೂರನೇ ಕಾರಣಕ್ಕೆ ನನ್ನ ನಮಸ್ಕಾರ. ಆದ್ರೆ ಅದೇ ಕಾರಣ ಈಗ ಉತ್ತರ ತಪ್ಪಿಸಿಕೊಳ್ಳೋಕೆ ಒಳ್ಳೆ ಮರೆ ಆಗಿದೆ.

ಜನ್ನನ ಯಶೋಧರ ಚರಿತೆ ತಗೊಳ್ಳಿ. ದೊರೆ ಯಶೋಧರನ ರಾಣಿ ಅಮೃತಮತಿ ರಾತ್ರಿ ಮಾವುತನ ಹಾಡು ಕೇಳ್ತಾಳೆ. ಮುಖ ನೋಡೋಕೆ ಮುಂಚೆ ಮನಸ್ಸು ಹೋಗಿರುತ್ತೆ. ಅವನು ಅಷ್ಟಾವಂಕ, ಕುರೂಪಿ ಅಂತ ಗೊತ್ತಾದ ಮೇಲೂ ಹಿಂದೆ ಸರಿಯಲ್ಲ, ತಡವಾಗಿ ಬಂದಳು ಅಂತ ಅವನು ಹೊಡೆದ್ರೂ ಹೋಗ್ತಾಳೆ. 13ನೇ ಶತಮಾನದಲ್ಲಿ ಒಬ್ಬ ಜೈನ ಕವಿ ಹೆಣ್ಣಿನ ಆಸೆಯನ್ನ ಇಷ್ಟು ಹತ್ತಿರದಿಂದ ಬರೆದು, ಆಮೇಲೆ ಅವಳನ್ನ ಗಂಡನಿಗೆ ವಿಷ ಹಾಕೋಳನ್ನಾಗಿ ಮಾಡಿ ನರಕದ ದಾರಿ ತೋರಿಸ್ತಾನೆ. ಓದಿದ ಯಾವ ಹೆಂಗಸಿಗೂ ಪ್ರಶ್ನೆ ಬರುತ್ತೆ: ಕವಿ ಯಾರ ಕಡೆ? ಕೈ ಒಂದು ಕಡೆ ಬರೀತಿದೆ, ಧರ್ಮ ಇನ್ನೊಂದು ಕಡೆ ಎಳೀತಿದೆ ಅಂತ ನನಗನ್ನಿಸುತ್ತೆ, ಕಾವ್ಯ ಬದುಕಿರೋದೇ ಆ ಎಳೆದಾಟದಲ್ಲಿ. ಬಲಿಗೆ ಅಂತ ಮಾಡಿದ ಹಿಟ್ಟಿನ ಕೋಳಿ ಕೂಗೋವರೆಗೆ ಉಸಿರು ಬಿಗಿ ಹಿಡಿಸೋ ಕಾವ್ಯ, ಆಮೇಲೆ ನವಿಲು ನಾಯಿ ಮೀನು ಮೊಸಳೆ ಅಂತ ಆ ಬಲಿಯ ಪಾಪಕ್ಕೆ ರಾಜ, ಅವನ ತಾಯಿ ಎತ್ತೋ ಜನ್ಮಗಳ ಪಟ್ಟಿ ಶುರುವಾದ ಮೇಲೆ ಸಪ್ಪೆ.

ಇದನ್ನೇ ಒಂದು ಉಪನ್ಯಾಸದ ಕೊನೇಲಿ ಕೇಳಿದೆ. "ಅದನ್ನು ಸ್ತ್ರೀವಾದಿ ನೆಲೆಯಲ್ಲೂ ಜೈನ ನೆಲೆಯಲ್ಲೂ ನೋಡಬಹುದು" ಅಂದ್ರು. ನೋಡಬಹುದು ಸರಿ, ನೀವು ನೋಡಿದಾಗ ಏನು ಕಂಡಿತು?

ಓಲೆಗರಿ:
@ಪಾಠದ ಮೇಷ್ಟ್ರು, ಮೊದಲ ಕಾರಣದ ಮುಂದೆ ನಾನು ಮಾತಾಡಲ್ಲ. ಬಸ್ಸಲ್ಲಿ ಕೂತು ಧೈರ್ಯ ಮಾಡಿ ಅನ್ನೋದು ಸುಲಭ.

ಮೂರನೇದಕ್ಕೆ ಮಾತ್ರ ತಕರಾರು ಇದೆ. ವಚನಗಳನ್ನ ಹೊರಗಿಟ್ಟದ್ದು ಅಭಿಪ್ರಾಯ, ನಿಜ. ಒಳಗೆ ತಂದದ್ದು ಏನು? ಫ.ಗು. ಹಳಕಟ್ಟಿ ಅವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿದ್ದು, ಅಚ್ಚುಕೂಟಕ್ಕೆ ಮನೆ ಮಾರಿದ್ದು, "ಇದು ಹಲವು ನೆಲೆಗಳಲ್ಲಿ ಓದಬಹುದಾದ ಪಠ್ಯ" ಅಂತ ಅನ್ನಿಸಿದ್ದಕ್ಕಾ? ಇದು ಬಹಳ ದೊಡ್ಡದು, ಕಳೆದುಹೋಗಬಾರದು ಅನ್ನಿಸಿದ್ದಕ್ಕೆ. ಅದೂ ಅಭಿಪ್ರಾಯವೇ. ತಪ್ಪು ಅಭಿಪ್ರಾಯವನ್ನ ಇನ್ನೊಂದು ಅಭಿಪ್ರಾಯ ಬಂದು ಸೋಲಿಸಿತು. ಅಭಿಪ್ರಾಯವೇ ಬೇಡ ಅಂದಿದ್ರೆ ಹಳೇದೇ ಗಟ್ಟಿಯಾಗಿ ಕೂತಿರೋದು. ಪಠ್ಯದಲ್ಲಿ ಯಾವ ಭಾಗ ಇಡಬೇಕು, ಯಾವುದು ಬಿಡಬೇಕು ಅಂತ ನೀವೇ ಅಲ್ವಾ ಸಮಿತೀಲಿ ಕೂತು ಆರಿಸೋದು? ಅಲ್ಲಿ ಆರಿಸ್ತೀರಿ, ಕಾರಣ ಮಾತ್ರ ನಮಗೆ ಹೇಳಲ್ಲ.

ಇನ್ನೊಂದು. ಕವಿರಾಜಮಾರ್ಗ ನೋಡಿ, 9ನೇ ಶತಮಾನದ್ದು, ನಮ್ಮಲ್ಲಿ ಸಿಕ್ಕಿರೋ ಮೊದಲ ಪುಸ್ತಕ. ಇಂಥದ್ದು ದೋಷ, ಇಂಥದ್ದು ಗುಣ, ಹೀಗೆ ಬರೆದ್ರೆ ಕೆಟ್ಟಿತು, ಹೀಗೆ ತಿದ್ದಿದ್ರೆ ಚೆನ್ನ ಅಂತ ಉದಾಹರಣೆ ಸಮೇತ ಇದೆ. ಎಲ್ಲರೂ ವೇದಿಕೆ ಮೇಲೆ ಹೇಳೋ "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" (ಓದದೆಯೂ ಕಾವ್ಯ ಬಲ್ಲವರು) ಸಾಲಿನ ಹಿಂದಿನ ಸಾಲು ಯಾರೂ ಹೇಳಲ್ಲ. ಈ ನಾಡಿನೋರು ಹದವರಿತು ಮಾತಾಡಬಲ್ಲರು, ಆಡಿದ ಮಾತನ್ನ ತೂಗಿ ನೋಡಬಲ್ಲರು ಅಂತಿದೆ ಅಲ್ಲಿ. ತೂಗೋ ಕೆಲಸವನ್ನ ಓದದವರ ಕೈಗೂ ಕೊಟ್ಟಿದ್ದಾರೆ. ಓದಿದೋರೇ ತಕ್ಕಡಿ ಕೆಳಗಿಟ್ಟರೆ ಹೇಗೆ?

ಕಡಲತಡಿ:
ನಮ್ಮ ಊರಿನ ತಾಳಮದ್ದಳೆಗೆ (ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಬನ್ನಿ ಮಾರಾಯ್ರೆ, ಅಭಿಪ್ರಾಯ ಸಾಕು ಸಾಕು ಅನ್ನಿಸುವಷ್ಟು ಸಿಗ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದವರು ಈಗಲೂ ಹೇಳ್ತಾರೆ, ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದಕ್ಕೆ ರಾಮನ ಮಾತಾಡುವ ಅರ್ಥಧಾರಿ ಬೆವರು ಒರೆಸಿಕೊಳ್ಳಬೇಕಾಗ್ತಿತ್ತು ಅಂತ. ಕರ್ಣ ಮಾಡಿದ್ದು ಸರಿಯಾ, ಕೃಷ್ಣ ಮಾಡಿದ್ದು ಸರಿಯಾ ಅಂತ ರಾತ್ರಿ ಇಡೀ ವಾದ. ಕೇಳುವವರು ಚಾ ಕುಡಿಯುವಾಗ "ಇವತ್ತು ಕರ್ಣ ಗೆದ್ದ, ಕೃಷ್ಣನಿಗೆ ಮಾತು ಸಾಲಲಿಲ್ಲ" ಅಂತ ತೀರ್ಪು ಕೊಟ್ಟೇ ಮನೆಗೆ ಹೋಗುವುದು. ಅಲ್ಲಿ ಕೂತವರಲ್ಲಿ ಅರ್ಧ ಜನ ಅಡಕೆ ಸುಲಿಯುವವರು.

ಅದೇ ವಿದ್ವಾಂಸರನ್ನು ತಾಳಮದ್ದಳೆಯಲ್ಲಿ ಕೂರಿಸಿ ನೋಡಿ, ಹುಲಿ. ಸೆಮಿನಾರಿನಲ್ಲಿ ಕೂರಿಸಿ, ಬೆಕ್ಕು. ನಮ್ಮಲ್ಲಿ ಅಂಥವರು ಇದ್ದಾರೆ, ಹೆಸರು ಬೇಡ.

ಮಳೆಗಾಲ:
ನಮ್ಮ ಕಡೆ ಗಮಕ, ಅಂದ್ರೆ ಕಾವ್ಯವನ್ನ ರಾಗವಾಗಿ ಓದಿ ಅರ್ಥ ಹೇಳೋದು. ಶಿವಮೊಗ್ಗದ ಹತ್ತಿರ ಮತ್ತೂರು, ಹೊಸಹಳ್ಳಿ ಆಸುಪಾಸು ಕುಮಾರವ್ಯಾಸನನ್ನ ಕೇಳಿ ಬೆಳೆದೋಳು ನಾನು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮನೇಲಿ ಪಾಯಸ ಮಾಡಿದ್ವಿ. ಅಲ್ಲಿ ವ್ಯಾಖ್ಯಾನಕಾರರು ವಿರಾಟಪರ್ವದ ಅಡುಗೆಮನೆ ಪ್ರಸಂಗಕ್ಕೆ ಬಂದ್ರೆ ಅರ್ಧ ರಾತ್ರಿ ಅಲ್ಲೇ ಕಳೆಯುತ್ತೆ. ಕೀಚಕನ ಕೈಲಿ ಅವಮಾನ ಆದ ದ್ರೌಪದಿ ರಾತ್ರಿ ಭೀಮನನ್ನ ಎಬ್ಬಿಸ್ತಾಳೆ. "ಗಂಡರೈವರು ಮೂರು ಲೋಕದ ಗಂಡರೊಬ್ಬಳನಾಳಲಾರಿರಿ, ಗಂಡರೋ ನೀವ್ ಷಂಡರೋ." ಮೂರು ಲೋಕದ ಗಂಡರಂತೆ, ಹೆಂಡತಿ ಒಬ್ಬಳನ್ನ ಕಾಪಾಡೋಕೆ ಆಗಲಿಲ್ಲ. ಗಮಕಿ ಆ ಕೊನೇ ಮಾತನ್ನ ಮೂರು ಸಲ ಮೂರು ರೀತಿ ಹೇಳ್ತಾರೆ, ಒಮ್ಮೆ ಸಿಟ್ಟು, ಒಮ್ಮೆ ಅಳು, ಒಮ್ಮೆ ಬರೀ ಸುಸ್ತು.

ಇದೇ ಪದ್ಯದ ಮೇಲೆ ಒಂದು ಆನ್‌ಲೈನ್ ತರಗತಿ ಕೇಳಿದೆ. ಭಾಮಿನಿ ಷಟ್ಪದಿ, ಒಂದು ಎರಡು ನಾಲ್ಕು ಐದನೇ ಸಾಲಲ್ಲಿ 3+4+3+4 ಮಾತ್ರೆ, ಮೂರು ಆರನೇ ಸಾಲು ಒಂದೂವರೆ ಪಟ್ಟು ಮೇಲೊಂದು ಗುರು. ಮುಗೀತು.

ಆದ್ರೆ ನ್ಯಾಯವಾಗಿ ಇನ್ನೊಂದೂ ಹೇಳ್ತೀನಿ. ಗಮಕದಲ್ಲಿ ಎಲ್ಲವೂ ಅದ್ಭುತ, ಎಲ್ಲವೂ "ಆಹಾ ಕವಿಯ ಚಮತ್ಕಾರ". ದ್ರೋಣಪರ್ವದಲ್ಲಿ ಬಾಣದ ಮೇಲೆ ಬಾಣ, ರಥದ ಮೇಲೆ ರಥ, ಕೇಳಿ ಕೇಳಿ ನಿದ್ದೆ ಬರುತ್ತೆ, ಅದನ್ನ ಯಾರೂ ಹೇಳಲ್ಲ. ಎಲ್ಲವನ್ನೂ ಹೊಗಳೋದೂ ಉತ್ತರ ತಪ್ಪಿಸಿಕೊಳ್ಳೋ ಇನ್ನೊಂದು ದಾರಿ.

ಅನಾಮಿಕ ಕಬ್ಬಿಗ:
ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ, ಅವನಿಗೂ ಸಾಕಾಗಿತ್ತು. ಮಿಕ್ಕಿದ್ದನ್ನ ಕೃಷ್ಣದೇವರಾಯನ ಕಾಲಕ್ಕೆ ತಿಮ್ಮಣ್ಣಕವಿ ಮುಗಿಸಿದ. ಕೈ ಎತ್ತಿ, ತಿಮ್ಮಣ್ಣನ್ನ ಯಾರಾದ್ರೂ ಓದಿದ್ದೀರಾ? ಇದೇ ನನ್ನ ವಿಮರ್ಶೆ.

ದೂರದೂರು:
ಇಂಗ್ಲೆಂಡಿಂದ ಬರೀತಿದ್ದೀನಿ. ಇದು ನಮ್ಮ ಮೇಷ್ಟ್ರುಗಳ ಜಾತಕದ ದೋಷ ಮಾತ್ರ ಅಲ್ಲ. ಬಿಬಿಸಿ ರೇಡಿಯೋ 4ರಲ್ಲಿ 'ಇನ್ ಅವರ್ ಟೈಮ್' ಅಂತ ಒಂದು ಕಾರ್ಯಕ್ರಮ, 1998ರಲ್ಲಿ ಶುರುವಾದದ್ದು, 2025ರವರೆಗೆ ಮೆಲ್ವಿನ್ ಬ್ರ್ಯಾಗ್ ನಡೆಸಿದ್ರು. ಒಂದು ವಿಷಯ, ಮೂವರು ಪ್ರಾಧ್ಯಾಪಕರು. ಚರಿತ್ರೆ ವಿಜ್ಞಾನದ ಸಂಚಿಕೆಗಳು ಸೊಗಸಾಗಿ ಓಡುತ್ತವೆ. ಹಳೇ ಕಾದಂಬರಿ, ಕಾವ್ಯದ ಸಂಚಿಕೆಗೆ ಬಂದ್ರೆ ಅಲ್ಲೂ ಇದೇ ಕಥೆ: ಯಾವಾಗ ಅಚ್ಚಾಯ್ತು, ಯಾರು ಏನಂದ್ರು, ಹೇಗೆ ಸ್ವೀಕಾರ ಆಯ್ತು. ಪುಸ್ತಕ ಚೆನ್ನಾಗಿದೆಯಾ ಅನ್ನೋದಕ್ಕೆ ಸುತ್ತಿ ಬಳಸಿ ಉತ್ತರ.

ವ್ಯತ್ಯಾಸ ಇರೋದು ನಡೆಸೋರಲ್ಲಿ. ಬ್ರ್ಯಾಗ್ ಮಧ್ಯೆ ಬಾಯಿ ಹಾಕೋರು. ಮೂವರೂ ಪಕ್ಕಕ್ಕೆ ಸರಿದ್ರೆ ತಾನೇ ಪದ್ಯ ಓದಿ, ಇದು ಎಷ್ಟು ಚೆನ್ನಾಗಿದೆ ಅಂತ ಕೆಣಕೋರು. ನ್ಯಾಯವೋ ಅನ್ಯಾಯವೋ, ಕೆಣಕಿದ ಮೇಲೆ ವಿದ್ವಾಂಸರ ಗಂಟಲು ಬಿಡ್ತಿತ್ತು. ನಮ್ಮ ನಿರೂಪಕರು "ಬಹಳ ಅರ್ಥಪೂರ್ಣವಾಗಿ ಹೇಳಿದಿರಿ ಸರ್" ಅಂದು ಮುಂದಿನ ಪ್ರಶ್ನೆಯ ಚೀಟಿ ಓದ್ತಾರೆ.

ಮಲಪ್ರಭಾ ದಂಡಿ:
ಅದಕ್ಕ ನಾವ ಕೆಣಕೋಣಂತ. ಮೇಷ್ಟ್ರ, ಇಲ್ಲೆ ನಿಮ್ಮ ಹೆಸರಿಲ್ಲ, ಊರಿಲ್ಲ, ಪ್ರಿನ್ಸಿಪಾಲಗ ಫೋನಿಲ್ಲ. ಪಂಪಭಾರತದಾಗ ನಿಮಗ ಸೇರದ್ದು ಏನ ಅದ, ಒಂದ ಹೇಳ್ರಿ. ನೆಲಿ ಗಿಲಿ ಬ್ಯಾಡ.

ಪಾಠದ ಮೇಷ್ಟ್ರು:
ಸರಿ. ನೆಲೆ ಇಲ್ಲದೆ ಹೇಳ್ತೀನಿ.

ಪಂಪಭಾರತದ ಕೊನೆ ನನಗೆ ಸೇರಲ್ಲ. ಸೇರಲ್ಲ ಅನ್ನೋದು ಮೆತ್ತಗಿನ ಮಾತಾಯ್ತು, ಅದು ಕವಿ ಮಾಡಿದ ದ್ರೋಹ ಅಂತಲೇ ಅನ್ನಿಸುತ್ತೆ. ತನ್ನ ದೊರೆ ಅರಿಕೇಸರಿಯನ್ನ ಅರ್ಜುನ ಮಾಡಬೇಕಾಗಿತ್ತು, ಅದಕ್ಕೆ ದ್ರೌಪದಿಯನ್ನ ಅರ್ಜುನನೊಬ್ಬನ ಹೆಂಡತಿ ಮಾಡಿದ. ಆ ಬದಲಾವಣೆ ಜೂಜಿನ ಸಭೆಗೆ ಬಂದಾಗ ನಿಲ್ಲಲ್ಲ, ತಮ್ಮನ ಹೆಂಡತಿಯನ್ನ ಅಣ್ಣ ಪಣಕ್ಕಿಡೋದು ಹೇಗೆ, ಭೀಮ ಯಾಕೆ ಅಷ್ಟು ಕುದಿಯೋದು. ಆದ್ರೂ ಪಂಪ ಅದನ್ನ ಮಾತಿನ ಬಲದಿಂದ ಈಜಿ ದಾಟ್ತಾನೆ. ದುಶ್ಶಾಸನನ ರಕ್ತದಲ್ಲಿ ಮುಡಿ ಕಟ್ಟೋ ಜಾಗಕ್ಕೆ ಬಂದಾಗ ಭೀಮನ ಬಾಯಲ್ಲಿ ಎಂಥ ಪದ್ಯ! ಈ ಕೂದಲಲ್ಲೇ ಬೆಳ್ಗೊಡೆಯ ರಾಜರೆಲ್ಲ ಮುಳುಗಿದ್ರು, ಕುರುವಂಶ ಇದರಲ್ಲೇ ಅಡಗಿತು, ಮಹಾಭಾರತಕ್ಕೆ ಇದೇ ಆದಿ, "ಸಾಮಾನ್ಯಮೆ ಬಗೆಯೆ ಭವತ್ಕೇಶಪಾಶಪ್ರಪಂಚಂ", ನಿನ್ನ ಮುಡಿ ಸಾಮಾನ್ಯದ್ದಾ ಅಂತ. ಇಡೀ ಕನ್ನಡದಲ್ಲಿ ನನಗೆ ಒಂದೇ ಪದ್ಯ ಇಟ್ಕೋ ಅಂದ್ರೆ ಇದನ್ನ ಇಟ್ಕೋತೀನಿ.

ಇಷ್ಟು ಹೇಳಿದ ಕವಿ ಕೊನೇಲಿ ಸಿಂಹಾಸನದ ಮೇಲೆ ಅರ್ಜುನನ ಪಕ್ಕ ಸುಭದ್ರೆಯನ್ನ ಕೂರಿಸಿ ಪಟ್ಟ ಕಟ್ಟಿಸ್ತಾನೆ. ದ್ರೌಪದಿ ಎಲ್ಲಿ ಹೋದಳು? ಅವಳ ಮುಡಿಯಿಂದ ಶುರುವಾದ ಭಾರತ ಅಂತ ತಾನೇ ಬರೆದದ್ದು. ದೊರೆಗೆ ಒಪ್ಪಿಸೋ ಲೆಕ್ಕ ಅದು, ಕಾವ್ಯದ ಲೆಕ್ಕ ಅಲ್ಲ. ಕರ್ಣನ ವಿಷಯದಲ್ಲಿ ಮಾತ್ರ ದೊರೆಯನ್ನ ಮರೆತು "ನೆನೆವೊಡೆ ಕರ್ಣನಂ ನೆನೆಯ" ಅಂದ. ಆ ಧೈರ್ಯ ದ್ರೌಪದಿಗೆ ಸಿಗಲಿಲ್ಲ.

ತರಗತೀಲಿ ಪ್ರತಿ ವರ್ಷ ಇದನ್ನ ಪಾಠ ಮಾಡ್ತೀನಿ, ಹೀಗೆ ಯಾವತ್ತೂ ಹೇಳಿಲ್ಲ.

ಸಂಜೆ ಓದು:
ಈಗ ನನಗೆ ಪಂಪಭಾರತ ತೆಗೆಯಬೇಕು ಅನ್ನಿಸ್ತಿದೆ. ಅಷ್ಟೊಂದು ವೆಬಿನಾರ್ ಕೇಳಿದಾಗ ಅನ್ನಿಸಿರಲಿಲ್ಲ.

ಓಲೆಗರಿ:
ಮೇಷ್ಟ್ರೇ, ನಾನು ಒಪ್ಪಲ್ಲ! ಮುಡಿ ಕಟ್ಟಿದ ಕ್ಷಣಕ್ಕೆ ದ್ರೌಪದಿಯ ಕಥೆ ಮುಗೀತು. ಸಿಂಹಾಸನ ಅವಳ ಆಸೆ ಆಗಿರಲೇ ಇಲ್ಲ, ಸೇಡು ಮಾತ್ರ ಅವಳದ್ದು. ಪಟ್ಟ ಯಾರಿಗಾದ್ರೆ ಏನು? ದ್ರೋಹ ಅನ್ನೋದು ದೊಡ್ಡ ಮಾತು. ಹೀಗೆ ಜಗಳ ಆಡೋಕೆ ಅಂತಲೇ ನಾನು ಕಾದಿದ್ದದ್ದು, ಅದು ಬೇರೆ ಮಾತು.

ಪಾಠದ ಮೇಷ್ಟ್ರು:
ಸೇಡು ತೀರಿಸಿಕೊಂಡವಳು ಮನೆಗೆ ಬಂದು ಎಲ್ಲಿ ಕೂರ್ತಾಳೆ ಅಂತ ಕವಿ ಹೇಳಬೇಕಲ್ವಾ? ಪಂಪ ಸಣ್ಣ ಪಾತ್ರಗಳಿಗೂ ಒಂದು ಕಡೆ ತೋರಿಸದೆ ಬಿಡೋನಲ್ಲ. ಇವಳೊಬ್ಬಳ ವಿಷಯದಲ್ಲಿ ಸುಮ್ಮನಾಗ್ತಾನೆ ಅಂದ್ರೆ ಅವನಿಗೂ ಮುಜುಗರ ಇತ್ತು.

ನೆಟ್ ತಯಾರಿ:
ಸರ್, ಇದು ಯಾವ ವಿದ್ವಾಂಸರ ಅಭಿಪ್ರಾಯ ಅಂತ ಅಡಿಟಿಪ್ಪಣಿ ಹಾಕಲಿ?

ಕಡಲತಡಿ:
"ಚರ್ಚಾ ವೇದಿಕೆಯ ಅನಾಮಧೇಯ ಹುಲಿ" ಅಂತ ಹಾಕಿ.

ಪಾಠದ ಮೇಷ್ಟ್ರು:
ಬಾಯಿ ಬಿಟ್ಟ ಮೇಲೆ ಇನ್ನೊಂದನ್ನೂ ಹೇಳಿಬಿಡ್ತೀನಿ. ಲಕ್ಷ್ಮೀಶನ ಜೈಮಿನಿ ಭಾರತ ಒಂದು ಕಾಲಕ್ಕೆ ಮನೆಮನೆಯ ಪುಸ್ತಕ. ಇವತ್ತು ಅದನ್ನ ಕೈಗೆತ್ತಿಕೊಂಡ್ರೆ ಹತ್ತು ಪುಟಕ್ಕೆ ದಣಿವಾಗುತ್ತೆ. ಉಪಮೆ ಮುಗಿದ್ರೆ ಇನ್ನೊಂದು ಉಪಮೆ, ಆದಿಪ್ರಾಸ, ಒಳಪ್ರಾಸ, ವಾರ್ಧಕ ಷಟ್ಪದಿಯ ಉದ್ದ ಸಾಲು. ಕಿವಿಗೆ ಹಬ್ಬ, ಒಳಗೆ ಏನೂ ಇಳಿಯಲ್ಲ. ಕುಮಾರವ್ಯಾಸನ ಒಂದು ಬೈಗುಳಕ್ಕೆ ಇರೋ ತೂಕ ಇವನ ನೂರು ಉಪಮೆಗೆ ಇಲ್ಲ. ನಮ್ಮ ನವೋದಯದವರು ಇವನನ್ನ ಕೆಳಗಿಳಿಸಿ ಕುಮಾರವ್ಯಾಸನನ್ನ ಮೇಲೆ ಕೂರಿಸಿದ್ದು ಸರಿಯಾಗೇ ಇತ್ತು. ಕುವೆಂಪು ಕುಮಾರವ್ಯಾಸ ಹಾಡಿದ್ರೆ ಕಲಿಯುಗ ದ್ವಾಪರವಾಗುತ್ತೆ ಅಂದ್ರು, ಲಕ್ಷ್ಮೀಶನಿಗೆ ಹಾಗೆ ಅನ್ನಲಿಲ್ಲ.

ಮಳೆಗಾಲ:
ಮೇಷ್ಟ್ರೇ!! ಇಷ್ಟು ಹೊತ್ತು ನಿಮ್ಮ ಪರ ಇದ್ದೆ, ಇನ್ನಿಲ್ಲ. ಲಕ್ಷ್ಮೀಶ ಕಣ್ಣಲ್ಲಿ ಓದೋ ಕವಿಯೇ ಅಲ್ಲ. ನೀವು ಹತ್ತು ಪುಟ ಮೌನವಾಗಿ ಓದಿ ದಣಿದ್ರೆ ತಪ್ಪು ಅವನದಲ್ಲ. ಸೀತಾಪರಿತ್ಯಾಗ ಗಮಕದಲ್ಲಿ ಕೇಳಿದ್ದೀರಾ? ಲಕ್ಷ್ಮಣ ತುಂಬು ಗರ್ಭಿಣಿಯನ್ನ ಕಾಡಲ್ಲಿ ಬಿಟ್ಟು, ಹೇಳಲೂ ಆಗದೆ, ಹೋಗಲೂ ಆಗದೆ ನಿಲ್ಲೋ ಜಾಗ. ಅವಳ ಅಳುವಿಗೆ ಕಾಡಿನ ಪ್ರಾಣಿ ಪಕ್ಷಿ ಮೇವು ಬಿಟ್ಟು ನಿಲ್ಲೋದು. ನಮ್ಮ ಅಜ್ಜಿಗೆ ಓದು ಬರ್ತಿರಲಿಲ್ಲ, ಆ ಭಾಗ ಪೂರ್ತಿ ಬಾಯಿಪಾಠ, ಹೇಳೋವಾಗ ಪ್ರತಿ ಸಲ ಅದೇ ಜಾಗಕ್ಕೆ ಗಂಟಲು ಕಟ್ಟೋದು. ಒಳಗೆ ಇಳಿಯದ್ದು ಹಾಗೆ ನಾಲಿಗೇಲಿ ಉಳಿಯುತ್ತಾ? ಉಪಮೆ ಎಣಿಸೋದು ಬಿಟ್ಟು ಚಂದ್ರಹಾಸನ ಕಥೆ ಒಂದು ಸಲ ಜೋರಾಗಿ ಓದಿ ನೋಡಿ. ಸುಧನ್ವನ ಕಾಳಗದ ಬಗ್ಗೆ ಇನ್ನೂ ಬರೆಯೋದಿದೆ, ಇಲ್ಲಿ ಗುಡುಗು ಶುರುವಾಗಿದೆ, ಕರೆಂಟ್ ಬಂದ ಮೇಲೆ ಬರೀತೀನಿ. ಅಷ್ಟರಲ್ಲಿ ಯಾರೂ ಲಕ್ಷ್ಮೀಶನ ಮೇಲೆ ತೀರ್ಪು ಬರೆದು ಮುಗಿಸಬೇಡಿ.